ಬೊಗಸೆಯಲ್ಲಿ ಕುಡಿದವರು

ಕಟ್ ಎಂದು ಒಂದು ಸಣ್ಣ ಶಬ್ದವಾಯಿತು. ರಾತ್ರಿ ಹನ್ನೊಂದು ದಾಟಿತ್ತು. ಒಲಿಂಡಾ ಚಾಪೆಯ ಮೇಲೆ ಎದ್ದು ಕುಳಿತಳು. ಅದು ಹಲ್ಲಿಯ ಲೊಚಗುಟ್ಟುವಿಕೆಯಲ್ಲ, ಹಂಚಿನ ಮೇಲೆ ಬಿದ್ದ ತೆಂಗಿನ ಹೀಚೂ ಅಲ್ಲ. ಗೋಡೆಯಾಚೆಯ ಆಫೀಸು ಕೋಣೆಯಲ್ಲಿ ಬೆಂಜಮಿನ್ ತಮ್ಮ ದೊಡ್ಡ ಬೈಬಲಿನ ಹಿತ್ತಾಳೆ ಕೊಂಡಿ ಬಿಚ್ಚಿದ್ದರು. ಬೆಳಿಗ್ಗೆ ಆ ಕೊಂಡಿ ಬಿಚ್ಚಿಕೊಂಡರೆ ಪ್ರಾರ್ಥನೆ. ರಾತ್ರಿ ಬಿಚ್ಚಿಕೊಂಡರೆ ಕಾರ್ಖಾನೆಯಲ್ಲಿ ಏನೋ ಒಂದು ಬದಲಾಗುತ್ತದೆ. ಎರಡು ವರ್ಷದಲ್ಲಿ ಅವಳು ಕಲಿತದ್ದು ಇಷ್ಟು. ಏನು ಬದಲಾದೀತು ಎಂದು ಯೋಚಿಸುತ್ತ ಅವಳು ಬೆಳಗಿನವರೆಗೂ ಮಲಗಲಿಲ್ಲ.

ಕಟಪಾಡಿಯಿಂದ ಮಟ್ಟುವಿನ ಕಡೆಗೆ ಇಳಿಯುವ ದಾರಿಯಲ್ಲಿ, ತೋಡು ಎನ್ನುವ ಸಣ್ಣ ಹಳ್ಳದ ಬದಿಗೆ ಬೆಂಜಮಿನ್ ಅವರ ಗೇರುಬೀಜದ ಕಾರ್ಖಾನೆ ಇತ್ತು. ಕಾರ್ಖಾನೆ ಎನ್ನುವುದು ಬೋರ್ಡಿನ ಮಾತು. ನೋಡುವವರಿಗೆ ಕಾಣುವುದು ಬೀಜ ಹುರಿಯುವ ಒಂದು ಒಲೆ, ಎರಡು ಉದ್ದನೆಯ ಚಾವಡಿ, ಒಂದು ಉಗ್ರಾಣ, ಮುಂದೆ ಆಫೀಸು. ಆಫೀಸಿನ ಹಿಂದಿನ ಕೋಣೆಯನ್ನು ಒಲಿಂಡಾಳಿಗೆ ಬಿಟ್ಟುಕೊಟ್ಟಿದ್ದರು. ಅವಳ ಮನೆ ಕಾರ್ಕಳದಲ್ಲಿ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ, ಶಾಲೆಯಲ್ಲಿ ಕೆಲಸ ಸಿಗದೆ, ಇಲ್ಲಿ ಪತ್ರ ಟೈಪು ಮಾಡಲು ಬಂದವಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸು.

ಬೆಂಜಮಿನ್ ಉಡುಪಿಯ ಪ್ರೊಟೆಸ್ಟೆಂಟ್ ಸಭೆಯವರು. ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿ, ಐವತ್ತರ ಹತ್ತಿರ ಸ್ವಂತ ವ್ಯಾಪಾರಕ್ಕೆ ಇಳಿದವರು. ವ್ಯಾಪಾರ ಹೇಗೆ ನಡೆಸಬೇಕೆಂದು ಅವರು ಯಾರನ್ನೂ ಕೇಳಲಿಲ್ಲ, ಬೈಬಲನ್ನು ಕೇಳಿದರು. ಮೋಶೆಗೆ ಅವನ ಮಾವ ಹೇಳಿಕೊಟ್ಟಂತೆ, ಕೆಲಸದ ಹೆಂಗಸರನ್ನು ಹತ್ತು ಹತ್ತು ಮಂದಿಯ ಗುಂಪು ಮಾಡಿ ಒಬ್ಬೊಬ್ಬಳನ್ನು ಮುಂದಾಳು ಮಾಡಿದರು. ಜಗಳಗಳು ಅಲ್ಲಲ್ಲೇ ತೀರತೊಡಗಿದವು. ಯೋಸೇಫ ಅರ್ಥ ಹೇಳಿದ ಕನಸಿನ ಏಳು ದಷ್ಟಪುಷ್ಟ ಹಸುಗಳನ್ನು, ಅವುಗಳ ಹಿಂದೆ ಬಂದ ಬರಗಾಲವನ್ನು ನೆನೆದು ಒಂದು ವರ್ಷ ಬೀಜ ಅಗ್ಗವಾದಾಗ ಉಗ್ರಾಣ ತುಂಬಿಸಿದರು. ಮರುವರ್ಷ ಕಾಪುವಿನ ಇಬ್ಬರು ವ್ಯಾಪಾರಿಗಳು ಬಾಗಿಲು ಹಾಕಿದಾಗಲೂ ಇವರ ಒಲೆ ಉರಿಯಿತು. ತಮ್ಮ ಮುಂಗೋಪಕ್ಕೂ ಅವರು ಅಲ್ಲಿಂದಲೇ ಮದ್ದು ಹುಡುಕಿದ್ದರು. ಸಿಟ್ಟು ಬಂದ ಕೂಡಲೇ ಬಾಯಿ ತುಂಬ ನೀರು ತುಂಬಿಕೊಂಡು ಮನಸ್ಸಿನಲ್ಲಿ ನೂರು ಎಣಿಸುವುದು. ಮಾತಿಗೆ ನಿಧಾನ, ಕೋಪಕ್ಕೆ ನಿಧಾನ ಎಂದು ಅದರಲ್ಲಿ ಬರೆದಿತ್ತು. ಚಾವಡಿಯ ಹೆಂಗಸರಿಗೆ ಇದು ದೊಡ್ಡ ತಮಾಷೆ. "ದಣಿಗಳ ಬಾಯಲ್ಲಿ ನೀರುಂಟು, ಹೇಳುವುದಿದ್ದರೆ ಈಗಲೇ ಹೇಳಿಬಿಡು ಮಾರಾಯ್ತಿ" ಎಂದು ನಗುತ್ತಿದ್ದರು.

ಒಲಿಂಡಾಳಿಗೂ ಅವರು ಒಂದು ಮದ್ದು ಕೊಟ್ಟಿದ್ದರು. ಅವಳ ಕಾಯಿಲೆ ಬೇರೆ: ಬಾಯಿ ತೆರೆಯುವ ಮೊದಲು ಹತ್ತು ಸಲ ಮಾತನ್ನು ತೂಗುತ್ತಿದ್ದಳು, ತೂಗಿ ಮುಗಿಯುವಷ್ಟರಲ್ಲಿ ಮಾತಾಡುವ ಹೊತ್ತೇ ಮೀರಿಹೋಗುತ್ತಿತ್ತು. "ನೀನು ಎಸ್ತೇರಳ ಕತೆ ಓದು, ಮಗಾ" ಎಂದು ಪುಸ್ತಕ ಕೈಗಿಟ್ಟಿದ್ದರು. "ಅವಳೂ ಹೆದರುತ್ತಿದ್ದಳು. ಆದರೂ ರಾಜನ ಮುಂದೆ ಹೋಗಿ ತನ್ನ ಜನರಿಗಾಗಿ ಮಾತಾಡಿದಳು. ತಪ್ಪು ಕಂಡರೆ ನನಗೂ ಹೇಳಬೇಕು, ಕೇಳಿತಾ? ನಾನೇನು ರಾಜನಲ್ಲ." ಒಲಿಂಡಾಳ ಕಥೋಲಿಕ ಮನೆಯಲ್ಲಿ ಜಪಮಣಿ ಉಂಟು, ಸಂತರ ಚಿತ್ರಗಳು ಉಂಟು. ಬೈಬಲನ್ನು ಮನೆಯಲ್ಲಿ ಕುಳಿತು ಓದುವ ಅಭ್ಯಾಸ ಇರಲಿಲ್ಲ. ಎಸ್ತೇರಳನ್ನು ಅವಳು ಮೂರು ಸಲ ಓದಿದಳು. ಮೂರು ಸಲವೂ ಎಸ್ತೇರಳಿಗಾಗಿ ಹೆದರಿದಳು.

ಅದು ಐವತ್ತೆಂಟರ ಡಿಸೆಂಬರ್. ಆಫ್ರಿಕಾದ ಬೀಜ ತರಬೇಕಾಗಿದ್ದ ಹಡಗು ಬಂದಿರಲಿಲ್ಲ, ಯಾವಾಗ ಬರುತ್ತದೆಂದು ಮಂಗಳೂರಿನ ಏಜೆಂಟನಿಗೂ ಗೊತ್ತಿರಲಿಲ್ಲ. ಊರಿನ ಬೀಜ ಬರುವುದು ಮಾರ್ಚಿಗೆ. ಉಗ್ರಾಣದಲ್ಲಿದ್ದ ಗೋಣಿಗಳು, ಬೀಜ ಒಡೆಯುವ ಅರವತ್ತೆರಡು ಮಂದಿಯಲ್ಲಿ ಅರ್ಧ ಮಂದಿಗೆ ಮಾತ್ರ ಅಲ್ಲಿಯವರೆಗೆ ಸಾಕು.

ಬೆಳಿಗ್ಗೆ ಬೆಂಜಮಿನ್ ಅವಳನ್ನು ಕರೆದು ಬಾಗಿಲು ಮುಂದೆ ಮಾಡಿದರು. ರಾತ್ರಿ ನಿದ್ದೆಗೆಟ್ಟ ಕಣ್ಣು, ಆದರೆ ಮುಖದಲ್ಲಿ ಭಾರ ಇಳಿದವರ ಬೆಳಕು.

"ಮೂವತ್ತು ಮಂದಿಯನ್ನು ಇಟ್ಟುಕೊಳ್ಳಬೇಕು, ಉಳಿದವರನ್ನು ಕಳಿಸಬೇಕು" ಎಂದರು. "ಯಾರನ್ನು? ತಾರಾನಾಥನನ್ನು ಕೇಳಿದರೆ ತನ್ನ ಕಡೆಯವರ ಹೆಸರು ಕೊಡುತ್ತಾನೆ. ನನ್ನನ್ನೇ ಕೇಳಿಕೊಂಡರೆ ನನಗೆ ನಮಸ್ಕಾರ ಹಾಕುವವರ ಹೆಸರು ಬರುತ್ತದೆ. ಮನುಷ್ಯ ಆರಿಸಬಾರದು, ಒಲಿಂಡಾ."

ತಾರಾನಾಥ ಎಂದರೆ ಚಾವಡಿಯ ಮೇಸ್ತ್ರಿ. ಹುರಿದ ಬೀಜವನ್ನು ಹಂಚಿಕೊಡುವವನು ಅವನೇ.

"ಎಲ್ಲರಿಗೂ ವಾರಕ್ಕೆ ಮೂರು ದಿನ ಕೆಲಸ ಕೊಟ್ಟರೆ ಹೇಗೆ, ಸರ್?"

"ಅದನ್ನೂ ಯೋಚಿಸಿದೆ. ಮೂರು ದಿನದ ಕೂಲಿಯಲ್ಲಿ ಆರು ದಿನ ಉಣ್ಣುವುದು ಹೇಗೆ? ಎಲ್ಲರೂ ಅರೆಹೊಟ್ಟೆ." ಅವರು ಬೈಬಲಿನ ಮೇಲೆ ಅಂಗೈಯಿಟ್ಟರು. "ಗಿದ್ಯೋನನಿಗೂ ಹೀಗೇ ಆಯಿತು. ಯುದ್ಧಕ್ಕೆ ಹೊರಟಾಗ ದಂಡಿನಲ್ಲಿ ಜನ ಹೆಚ್ಚಾದರು. ದೇವರು ಎಂತ ಹೇಳಿದ? ಅವರನ್ನು ನೀರಿನ ಬಳಿಗೆ ಕರೆದುಕೊಂಡು ಹೋಗು ಎಂದ. ಮೊಣಕಾಲೂರಿ ಬಗ್ಗಿ ಕುಡಿದವರನ್ನು ಮನೆಗೆ ಕಳಿಸಿದ. ಕೈಯಲ್ಲಿ ನೀರೆತ್ತಿ ಬಾಯಿಗೆ ತಂದುಕೊಂಡವರನ್ನು ಇಟ್ಟುಕೊಂಡ. ಬಗ್ಗಿದವರು ನೀರನ್ನು ಮಾತ್ರ ನೋಡಿದರು. ಕೈಯಲ್ಲಿ ಎತ್ತಿದವರ ಕಣ್ಣು ಸುತ್ತ ಇತ್ತು. ಮುನ್ನೂರು ಮಂದಿ ಸಾಕಾಯಿತು ಗೆಲ್ಲಲಿಕ್ಕೆ."

ಅವರು ತೋಡಿನ ಕಡೆ ಕೈ ತೋರಿಸಿದರು.

"ನಾಳೆ ಚಾವಡಿಯ ನೀರಿನ ಮಡಕೆಗಳನ್ನು ಕವಿಚಿ ಇಡಿಸುತ್ತೇನೆ. ಬೀಜದ ಓಡುಗಳನ್ನು ಬುಟ್ಟಿಯಲ್ಲಿ ತೋಡಿನ ದಂಡೆಗೆ ಹೊರಲಿ, ಅಲ್ಲಿಂದ ದೋಣಿಗೆ ತುಂಬಲಿಕ್ಕುಂಟು. ಮೂರು ಸಲ ಹೊತ್ತರೆ ಬಾಯಾರಿಕೆ ಆಗಿಯೇ ಆಗುತ್ತದೆ. ಯಾರು ಹೇಗೆ ಕುಡಿಯುತ್ತಾರೆಂದು ನೀನು ಬರೆದುಕೊಳ್ಳಬೇಕು. ನಿನ್ನ ಕಣ್ಣು ಚುರುಕು. ಇದು ನಿನಗೂ ನನಗೂ ಮಾತ್ರ ಗೊತ್ತಿರಲಿ."

ಒಲಿಂಡಾಳಿಗೆ ಗೊತ್ತಿದ್ದ ಒಂದು ಸಂಗತಿ, ತಮ್ಮ ಕೈಯಿಂದ ಒಂದು ಬೀಜವನ್ನೂ ಒಡೆಯದ ಬೆಂಜಮಿನ್‌ಗೆ ಗೊತ್ತಿರಲಿಲ್ಲ. ಅವಳು ಕೆಲಸಕ್ಕೆ ಬಂದ ಮೊದಲ ದಿನ ಚಾವಡಿ ನೋಡಲು ಹೋಗಿ, ಅರೆಬಿರಿದ ಒಂದು ಬೀಜವನ್ನು ಎತ್ತಿಕೊಂಡು, ಅದೇ ಕೈಯಿಂದ ತುಟಿ ಒರೆಸಿಕೊಂಡಿದ್ದಳು. ಸಂಜೆಗೆ ತುಟಿ ಬೋಂಡದ ಹಾಗೆ ಊದಿತ್ತು. ತೆಂಗಿನೆಣ್ಣೆ ಹಚ್ಚಿ ಉಪಚಾರ ಮಾಡಿದವಳು ಬೀಜ ಒಡೆಯುವ ಅಪ್ಪಿ. ಚಾವಡಿಯವರು ಒಲಿಂಡಾಳನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. "ಓಡಿನ ಎಣ್ಣೆ ಬಾಯಮ್ಮ, ಬೆಂಕಿ ಅದು" ಎಂದಿದ್ದಳು. "ನಮ್ಮ ಕೈ ನೋಡಿ. ಇದನ್ನು ಬಾಯಿಗೆ ತರಲಿಕ್ಕುಂಟಾ? ಊಟಕ್ಕೆ ಮೊದಲು ಅರ್ಧ ಗಂಟೆ ಎಣ್ಣೆ ಬೂದಿ ಹಾಕಿ ತಿಕ್ಕಬೇಕು. ನಡುವೆ ಬಾಯಾರಿದರೆ ಯಾರಾದರೂ ಮೇಲಿಂದ ಹೊಯ್ಯಬೇಕು, ಇಲ್ಲದಿದ್ದರೆ ತೋಡಿಗೆ ಹೋಗಿ ದನದ ಹಾಗೆ ಬಾಯಿ ಹಾಕಬೇಕು." ಅವಳ ಬೆರಳುಗಳು ಕರಿಕಾಗಿ, ಚರ್ಮ ಹಾವಿನ ಪೊರೆಯಂತೆ ಸುಲಿದಿತ್ತು.

ಎಲ್ಲರ ಕೈಯೂ ಹಾಗಿರಲಿಲ್ಲ. ಚೆನ್ನಾಗಿ ಹುರಿದ ಬೀಜದಲ್ಲಿ ಎಣ್ಣೆ ಬತ್ತಿರುತ್ತದೆ. ಅದು ತಾರಾನಾಥನಿಗೆ ವೀಳ್ಯ ಮಡಿಚಿಕೊಡುವವರ ಪಾಲು. ಹಸಿಬಿಸಿ ಹುರಿದ ಬೀಜ ಉಳಿದವರಿಗೆ. ಕಡಿಮೆ ಒಡೆಯುವವಳ ಕೈ ಕೂಡ ಚೊಕ್ಕಟ. ಹೆಚ್ಚು ಒಡೆದಷ್ಟೂ ಕೈ ಹೆಚ್ಚು ಸುಡುತ್ತದೆ. ಹಾಗಾದರೆ ನಾಳೆ ಬೊಗಸೆಯಲ್ಲಿ ಕುಡಿಯುವವರು ಯಾರು, ದನದ ಹಾಗೆ ಬಾಯಿ ಹಾಕುವವರು ಯಾರು?

ಹೇಳಬೇಕು. ಈಗಲೇ ಹೇಳಬೇಕು. ಅವಳು ಮಾತನ್ನು ತೂಗಿದಳು.

"ಸರ್, ಕೆಲವರ ಕೈ ಅಷ್ಟು ಸರಿ ಇರುವುದಿಲ್ಲ."

"ಬೂದಿ ಕೊಡಿಸುತ್ತೇನಲ್ಲ? ತಿಂಗಳಿಗೆ ನಾಲ್ಕು ಮೂಟೆ" ಎಂದರು ಬೆಂಜಮಿನ್. ಆಮೇಲೆ ನಕ್ಕರು. "ಗಿದ್ಯೋನನ ದಂಡಿನಲ್ಲೂ ಎಲ್ಲರ ಕೈ ಸರಿ ಇತ್ತು ಅಂತ ಬರೆದಿಲ್ಲ, ಮಗಾ. ದೇವರಿಗೆ ಅದೆಲ್ಲ ಗೊತ್ತಿಲ್ಲವಾ?"

ಸುಡುತ್ತದೆ ಎನ್ನಬೇಕಿತ್ತು. ಸರಿ ಇರುವುದಿಲ್ಲ ಎಂದಳು. ಸರಿಯಾದ ಮಾತು ಹೊಳೆಯುವ ಹೊತ್ತಿಗೆ ಅವರು ಏಜೆಂಟನಿಗೆ ಪತ್ರ ಹೇಳಿ ಬರೆಸತೊಡಗಿದ್ದರು. ಅವಳು ಟೈಪು ಮಾಡತೊಡಗಿದ್ದಳು.

ಸಂಜೆ ಐದಕ್ಕೆ ಹೆಂಗಸರು ಬೂದಿಯಲ್ಲಿ ಕೈ ತಿಕ್ಕುತ್ತ ಸಾಲಾಗಿ ಕುಳಿತಿದ್ದಾಗ ಒಲಿಂಡಾ ಚಾವಡಿಯ ಹಿಂದೆ ಹೋದಳು. ಅಪ್ಪಿಯನ್ನು ಕರೆದಳು. ಅಪ್ಪಿಯಷ್ಟು ಚೆನ್ನಾಗಿ ಬೀಜ ಒಡೆಯುವವಳು ಆ ಊರಿನಲ್ಲೇ ಇರಲಿಲ್ಲ. ಕೊಡತಿಯಿಂದ ಒಂದೇ ಏಟು, ತಿರುಳು ಇಡಿಯಾಗಿ ಹೊರಗೆ. ಅವಳ ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಕಾಪುವಿನ ಶಾಲೆಗೆ ನಡೆದು ಹೋಗುವ ಮಗಳು. ಈ ಕೆಲಸ ತಪ್ಪಿದರೆ ಆ ಮಗಳೂ ತಾಯಿಯ ಪಕ್ಕ ಇನ್ನಾವುದೋ ಚಾವಡಿಯಲ್ಲಿ ಕೂರಬೇಕು. ಬೇರೆ ದಾರಿ ಇರಲಿಲ್ಲ.

"ನಾಳೆ ತೋಡಿನಲ್ಲಿ ನೀರು ಕುಡಿಯುವಾಗ ಬಗ್ಗಿ ಬಾಯಿ ಹಾಕಬೇಡ, ಅಪ್ಪಿ. ಬೊಗಸೆಯಲ್ಲಿ ಎತ್ತಿ ಕುಡಿ."

ಅಪ್ಪಿ ತನ್ನ ಕೈಗಳನ್ನು ತಿರುವಿ ನೋಡಿಕೊಂಡಳು. "ಎಂತ ಬಾಯಮ್ಮ, ತಮಾಷೆಯಾ? ಬಾಯಿ ಸುಟ್ಟುಹೋಗುವುದಿಲ್ಲವಾ?"

"ತಮಾಷೆಯಲ್ಲ. ಬೆಳಿಗ್ಗೆ ಬರುವ ಮೊದಲೇ ತುಟಿಗೆ ತುಂಬ ಎಣ್ಣೆ ಹಚ್ಚಿಕೊ. ಒಂದು ಗುಟುಕು ಸಾಕು."

"ಹರಕೆಯಾ?"

"ಹರಕೆ ಅಂತಲೇ ತಿಳಿದುಕೊ."

ಅಪ್ಪಿ ಅವಳ ಮುಖವನ್ನೇ ನೋಡಿದಳು. ಹಡಗು ಬಾರದ ಸುದ್ದಿ ಚಾವಡಿಗೂ ಬಂದಿತ್ತು. ಅವಳು ದಡ್ಡಿಯಲ್ಲ. "ರುಕ್ಕುವಿಗೂ ಹೇಳಲಾ?" ಎಂದು ಕೇಳಿದಳು. ರುಕ್ಕು ಅವಳ ಪಕ್ಕದಲ್ಲಿ ಒಂದೇ ಕಲ್ಲಿನ ಮೇಲೆ ಹನ್ನೊಂದು ವರ್ಷದಿಂದ ಬೀಜ ಒಡೆಯುತ್ತಿದ್ದವಳು.

ಎಲ್ಲರೂ ಬೊಗಸೆಯಲ್ಲೇ ಕುಡಿದರೆ ಬೆಂಜಮಿನ್‌ಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬಳಾದರೆ ಗೊತ್ತಾಗದು.

"ಯಾರಿಗೂ ಹೇಳಬೇಡ" ಎಂದಳು ಒಲಿಂಡಾ.

ಮರುದಿನ ಬೆಳಗಿನ ಪಾಲಿನ ಬೀಜ ಒಡೆದು ಏಳುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ತಲೆಯ ಮೇಲೆ ಓಡಿನ ಬುಟ್ಟಿ ಹೊತ್ತು ಅರವತ್ತೆರಡು ಹೆಂಗಸರು ಗದ್ದೆಯ ಬದುವಿನಲ್ಲಿ ಸಾಲುಗಟ್ಟಿದರು.

"ದಣಿಗಳು ನಮ್ಮನ್ನು ಇವತ್ತು ದಿಬ್ಬಣ ಹೊರಡಿಸಿದ್ದಾರೆ" ಎಂದಳು ಮುಂದಿನವಳು.

"ಮದುಮಗಳು ಯಾರು?"

"ಇನ್ಯಾರು, ತಾರಾನಾಥ ಮೇಸ್ತ್ರಿ! ನೋಡು, ನಾಚಿಕೆಗೆ ಮುಖ ಕೆಂಪಾಗಿದೆ."

ಸಾಲಿನ ತುದಿಯವರೆಗೂ ನಗು ಹರಿಯಿತು. ತಾರಾನಾಥ "ಬಾಯಿ ಮುಚ್ಚಿ ನಡೆಯಿರಿ" ಎಂದು ಕೂಗಿದ್ದಕ್ಕೆ ಇನ್ನೊಂದು ನಗು. ದೂರದಲ್ಲಿ ಹೊನ್ನೆಮರದ ಕೆಳಗೆ ಕೊಡೆ ಹಿಡಿದು ನಿಂತ ಬೆಂಜಮಿನ್ ಕೂಡ ನಕ್ಕರು. ಒಲಿಂಡಾ ತೋಡಿಗೆ ಅಡ್ಡ ಹಾಕಿದ ಕಟ್ಟದ ಮೇಲೆ ಕುಳಿತು, ಬುಟ್ಟಿಗಳ ಲೆಕ್ಕ ಬರೆಯುವವಳಂತೆ ಪುಸ್ತಕ ತೆರೆದಿದ್ದಳು. ಪುಟದ ನಡುವೆ ಒಂದು ಗೆರೆ. ಆಚೆ ಬೊಗಸೆ, ಈಚೆ ಮೊಣಕಾಲು.

ಮೂರನೆಯ ಸುತ್ತು ಮುಗಿಯಿತು. ಬುಟ್ಟಿ ಸುರಿದು, ಬೆವರು ಒರೆಸಿಕೊಳ್ಳಲೂ ನಿಲ್ಲದೆ, ಅವರು ತೋಡಿಗೆ ಇಳಿದರು.

ತಾರಾನಾಥನ ಕಡೆಯವರು ನೀರಿಗೆ ಕಾಲು ಬಿಟ್ಟು, ಚೊಕ್ಕಟ ಕೈಯಿಂದ ಬೊಗಸೆ ಬೊಗಸೆ ಎತ್ತಿ ಕುಡಿದರು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರೂ ಹಾಗೇ. ರುಕ್ಕು ದಂಡೆಯಲ್ಲಿ ಮೊಣಕಾಲೂರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಬಾಯಿ ಹಾಕಿದಳು. ಅವಳ ಪಕ್ಕದವಳೂ, ಅದರಾಚೆಯವಳೂ ಹಾಗೆಯೇ ಮಾಡಿದರು. ಒಲಿಂಡಾ ಒಬ್ಬೊಬ್ಬರ ಹೆಸರನ್ನೂ ಬರೆದಳು. ಅವಳ ಅಕ್ಷರ ಯಾವತ್ತಿನ ಹಾಗೆ ದುಂಡಗೆ ಬರುತ್ತಿತ್ತು. ಅದೇ ಅವಳಿಗೆ ಅಸಹ್ಯವೆನಿಸಿತು.

ಅಪ್ಪಿ ಎಲ್ಲರಿಗಿಂತ ಕೊನೆಗೆ ಬಂದಳು. ನೀರಿನಲ್ಲಿ ನಿಂತು ಕಟ್ಟದ ಕಡೆಗೆ ಒಮ್ಮೆ ನೋಡಿದಳು. ಬಗ್ಗಿದಳು, ಕರಿಕಾದ ಎರಡು ಕೈ ಸೇರಿಸಿದಳು, ಎತ್ತಿದಳು, ಕುಡಿದಳು. ಒಂದು ಗುಟುಕು ಸಾಕೆಂದಿದ್ದರೂ ಮೂರು ಸಲ ಕುಡಿದಳು, ದೂರದಲ್ಲಿರುವವರಿಗೂ ಕಾಣಿಸಲಿ ಎಂಬಂತೆ.

"ಹುಚ್ಚು ಹಿಡಿಯಿತಾ ನಿನಗೆ?" ಎಂದು ರುಕ್ಕು ಬೊಬ್ಬೆ ಹಾಕಿದಳು. "ಹನ್ನೊಂದು ವರ್ಷದಲ್ಲಿ ಕಲಿತದ್ದು ಇಷ್ಟೆಯಾ ಮಾರಾಯ್ತಿ? ನಾಳೆ ಗಂಜಿ ಮೂಗಿನಲ್ಲಿ ಕುಡಿಯುತ್ತೀಯಾ?"

ಆ ಮಾತು ಹೊನ್ನೆಮರದವರೆಗೆ ಹೋಗಲಿಲ್ಲ. ಕೊಡೆ ಮಾತ್ರ ಒಮ್ಮೆ ಅಲುಗಾಡಿದ್ದು ಕಂಡಿತು.

ಸಂಜೆ ಬೆಂಜಮಿನ್ ಪಟ್ಟಿ ನೋಡಿದರು. ಬೊಗಸೆಯ ಕಡೆ ಮೂವತ್ತೊಂದು ಹೆಸರು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮೂವತ್ತು ಕೇಳಿದೆ. ದೇವರು ಒಂದು ಹೆಚ್ಚೇ ಕೊಟ್ಟಿದ್ದಾನೆ" ಎಂದರು. "ನಿನಗೆ ಒಂದು ಮಾತು ಹೇಳಿರಲಿಲ್ಲ, ಒಲಿಂಡಾ. ರಾತ್ರಿಯೆಲ್ಲ ನನಗೆ ಹೆದರಿಕೆ. ಇದು ದೇವರ ಮಾತೋ, ನನ್ನ ತಲೆಹರಟೆಯೋ? ಗಿದ್ಯೋನನೂ ಹೆದರಿದವನೇ. ಕುರಿಯ ಉಣ್ಣೆ ಹಾಸಿಟ್ಟು, ಇಬ್ಬನಿ ಇದರ ಮೇಲೆ ಮಾತ್ರ ಬೀಳಲಿ ಎಂದು ಗುರುತು ಕೇಳಿದ. ನಾನೂ ಒಂದು ಗುರುತು ಕೇಳಿದೆ."

"ಎಂತ ಗುರುತು, ಸರ್?"

"ಅಪ್ಪಿ. ಅವಳಷ್ಟು ಒಡೆಯುವವರು ಇಲ್ಲಿ ಇಲ್ಲ, ಅದು ಕುರುಡನಿಗೂ ಗೊತ್ತು. ಅಪ್ಪಿಯೇ ಬಗ್ಗಿ ಕುಡಿದರೆ ಈ ಪರೀಕ್ಷೆ ಸುಳ್ಳು ಎಂದುಕೊಂಡೆ. ಪಟ್ಟಿ ಹರಿದುಹಾಕುವುದು, ನೀನು ಹೇಳಿದ ಹಾಗೆ ಎಲ್ಲರಿಗೂ ಮೂರು ಮೂರು ದಿನ ಕೆಲಸ ಕೊಡುವುದು ಎಂದು ದೇವರಿಗೆ ಮಾತು ಕೊಟ್ಟಿದ್ದೆ. ರುಕ್ಕು ಬಗ್ಗಿದಾಗ ಪಟ್ಟಿ ಹೋಯಿತು ಎಂದುಕೊಂಡೆ. ಅಪ್ಪಿಯ ಹತ್ತಿರ ಕೂತವರೆಲ್ಲ ಬಗ್ಗಿದರು. ಅವಳೊಬ್ಬಳು ನಿಂತು ಬೊಗಸೆಯಲ್ಲಿ ಎತ್ತಿದಳು ನೋಡು! ಒಂದು ಸಲ ಅಲ್ಲ, ಮೂರು ಸಲ. ಉಣ್ಣೆ ಒದ್ದೆ, ನೆಲ ಒಣಗಿದ್ದು. ಇದಕ್ಕಿಂತ ಇನ್ನೆಂತ ಬೇಕು?"

ಒಲಿಂಡಾ ಪಟ್ಟಿಯಲ್ಲಿ ಅಪ್ಪಿಯ ಹೆಸರು ನೋಡಿದಳು. ತಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಯಾವಾಗಲೂ ಸುಮ್ಮನಿರುವವಳು, ಆ ಒಂದು ಸಂಜೆಯೂ ಸುಮ್ಮನಿದ್ದಿದ್ದರೆ ಅಪ್ಪಿ ಬಗ್ಗಿ ಕುಡಿಯುತ್ತಿದ್ದಳು. ಅರವತ್ತೆರಡು ಮಂದಿಯೂ ಉಳಿಯುತ್ತಿದ್ದರು.

"ಸರ್..."

"ಹೇಳು."

ಹೇಳಿದರೆ? ಹಿಂದಿನ ವರ್ಷ ತೂಕದ ಕೆಲಸದ ರೊಸಾರಿಯೊ ಹೆಗಲ ಮೇಲಿನ ಬೈರಾಸಿನಲ್ಲಿ ನಾಲ್ಕು ಹಿಡಿ ತಿರುಳು ಕಟ್ಟಿಕೊಂಡು ಹೋಗುವಾಗ ಸಿಕ್ಕಿಬಿದ್ದಿದ್ದ. ಬೆಂಜಮಿನ್ ಸಿಟ್ಟಾಗಲಿಲ್ಲ. ಬಾಯಿಗೆ ನೀರನ್ನೂ ತುಂಬಿಕೊಳ್ಳಲಿಲ್ಲ. ಆಕಾನನ ಕತೆ ಓದಿದರು: ಒಬ್ಬ ಗುಟ್ಟಾಗಿ ಮಾಡಿದ ಪಾಪಕ್ಕೆ ಇಡೀ ಪಾಳೆಯ ಸೋತದ್ದು. ಆಮೇಲೆ ಅಳುತ್ತಲೇ ಅವನನ್ನು ಕಳಿಸಿದರು. ಕಳಿಸಿದ ಮೇಲೆ ಆ ಹೆಸರು ಎತ್ತಲಿಲ್ಲ. ಕಳ್ಳತನಕ್ಕೆ ಹಾಗಾದರೆ, ದೇವರ ಗುರುತನ್ನೇ ಕೆಡಿಸಿದ್ದಕ್ಕೆ?

"ಎಂತದೋ ಹೇಳಲಿಕ್ಕಿತ್ತು, ಸರ್. ನಾಳೆ ಹೇಳುತ್ತೇನೆ."

"ಎಸ್ತೇರಳೂ ಒಂದೇ ದಿನದಲ್ಲಿ ಹೇಳಲಿಲ್ಲ" ಎಂದು ಅವರು ನಕ್ಕರು. "ನಿಧಾನ ಹೇಳು, ಅವಸರ ಇಲ್ಲ."

ಕತ್ತಲಾಗುವ ಮೊದಲು ಅವಳು ಮಟ್ಟುವಿನ ಕಡೆಗೆ ನಡೆದಳು. ಗುಳ್ಳ ಬದನೆಯ ಗದ್ದೆಗಳನ್ನು ದಾಟಿದರೆ ಅಪ್ಪಿಯ ಮನೆ. ಅಪ್ಪಿ ಗೋಡೆಗೆ ಒರಗಿ ಕುಳಿತಿದ್ದಳು. ಕೆಳತುಟಿ ಸೀಳಿ, ಬಾಯಿಯ ಸುತ್ತ ಗುಳ್ಳೆ ಎದ್ದು, ಗಲ್ಲ ಊದಿಕೊಂಡಿತ್ತು. ಮಗಳು ಕೋಳಿಯ ಗರಿಯಿಂದ ಎಣ್ಣೆ ಹಚ್ಚುತ್ತಿದ್ದಳು. ಒಲಿಂಡಾಳನ್ನು ಕಂಡು ಅಪ್ಪಿ ಮಗಳನ್ನು ಒಳಗೆ ಕಳಿಸಿದಳು.

ಒಲಿಂಡಾ ಎಲ್ಲವನ್ನೂ ಹೇಳಿದಳು. ಪರೀಕ್ಷೆ, ಪಟ್ಟಿ, ಗುರುತು. ಇಲ್ಲಿ ಮಾತು ತೂಗಲಿಲ್ಲ.

ಅಪ್ಪಿ ಕೇಳಿ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಒಂದೊಂದೇ ಮಾತನ್ನು ಊದಿದ ತುಟಿಯಿಂದ ಹೊರಗೆ ತಳ್ಳಿದಳು.

"ನೀವು ಈಗ ಹೋಗಿ ಹೇಳಿದರೆ... ಎಲ್ಲರೂ ಉಳಿಯುತ್ತಾರಾ?"

"ಉಳಿಯಬಹುದು. ಮೂರು ದಿನದ ಕೆಲಸ."

"ನಾನು?"

ಮಗಳು ಬಿಟ್ಟುಹೋದ ಕೋಳಿಯ ಗರಿಯನ್ನು ಒಲಿಂಡಾ ಎತ್ತಿ ಪಕ್ಕಕ್ಕಿಟ್ಟಳು.

"ರೊಸಾರಿಯೊಗೆ ಆದದ್ದು ನನಗೂ. ಅಲ್ವಾ?"

"ನಾನು ಹೇಳಿದ್ದಕ್ಕೆ ನೀನು ಮಾಡಿದ್ದು. ತಪ್ಪು ನನ್ನದು ಅನ್ನುತ್ತೇನೆ."

"ನಿಮಗೆ ಬೇರೆ ಕಡೆ ಕೆಲಸ ಸಿಕ್ಕುತ್ತದೆ ಬಾಯಮ್ಮ, ಓದಿದವರು. ನನಗೆ ಇದೊಂದು ಕೈ." ಅಪ್ಪಿ ಅಂಗೈ ಎತ್ತಿ ತೋರಿಸಿದಳು. ಒಳಗೆ ಮಗಳು ಪಾಠ ಗಟ್ಟಿಯಾಗಿ ಓದತೊಡಗಿದ್ದಳು, ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ಇರಬೇಕು. "ರುಕ್ಕು ನನ್ನ ಒಡಹುಟ್ಟಿದವಳಿದ್ದ ಹಾಗೆ. ಅವಳ ಮನೆಯಲ್ಲಿಯೂ ಒಲೆ ಉರಿಯಬೇಕು. ನನಗೆ ಗೊತ್ತುಂಟು. ನೀವು ನನಗೆ ಹೇಳದಿದ್ದರೆ ಒಳ್ಳೆಯದಿತ್ತು. ಆದರೆ ಕೊಟ್ಟಿರಿ. ಕೊಟ್ಟದ್ದನ್ನು ನಾನು ಬಾಯಿ ಸುಟ್ಟುಕೊಂಡು ತೆಗೆದುಕೊಂಡೆ. ಈಗ ವಾಪಸು ಕೇಳಬೇಡಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು ಒಲಿಂಡಾಳಿಗೆ, ನುಂಗಲೂ ಆಗದು, ಉಗುಳಲೂ ಆಗದು. ಹಾಗೆ ಅಂದುಕೊಂಡ ಕೂಡಲೇ ಎದುರಿಗಿದ್ದ ಬಾಯಿ ನೋಡಿ ತನ್ನ ಹೋಲಿಕೆಗೆ ತಾನೇ ನಾಚಿದಳು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಬೆಂಜಮಿನ್ ಹೆಸರು ಓದಿದರು. ಹೋಗುವವರಿಗೆ ತಲಾ ಎರಡು ಸೇರು ಕುಚ್ಚಲಕ್ಕಿ ಕಟ್ಟಿಡಿಸಿದ್ದರು. ಮಾರ್ಚಿಗೆ ಬೀಜ ಬಂದರೆ ಕರೆಸುತ್ತೇನೆ ಎಂದರು. ಅವರು ನಾಟಕ ಮಾಡುವವರಲ್ಲ. ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು.

ತಾರಾನಾಥ ತನ್ನ ಕಡೆಯವರು ಒಬ್ಬೊಬ್ಬರಾಗಿ ಉಳಿದದ್ದನ್ನು ಕೇಳಿ ಬೆರಗಾಗಿ ನಿಂತಿದ್ದ. ಅವನು ಯಾರ ಹೆಸರನ್ನೂ ಹೇಳಿರಲಿಲ್ಲ. ಅದಕ್ಕೇ ಇನ್ನಷ್ಟು ಬೆರಗು.

"ಎಂತ ತಪ್ಪು ಮಾಡಿದೆ ನಾನು, ದಣಿಗಳೇ?" ರುಕ್ಕು ಮುಂದೆ ಬಂದಳು. "ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಲಿಲ್ಲ. ಬಾಣಂತನದಲ್ಲೂ ಹದಿನಾರನೆಯ ದಿನಕ್ಕೆ ಬಂದವಳು."

"ತಪ್ಪು ಅಲ್ಲ, ರುಕ್ಕು. ನಿನ್ನ ತಪ್ಪು ಏನೂ ಇಲ್ಲ."

"ತಪ್ಪಿಲ್ಲದಿದ್ದರೆ ಯಾಕೆ ಕಳಿಸುವುದು? ಹೇಳಿ, ತಿದ್ದಿಕೊಳ್ಳುತ್ತೇನೆ."

ಬೆಂಜಮಿನ್ ಪಟ್ಟಿ ಮಡಿಚಿ ಜೇಬಿಗಿಟ್ಟರು. ರುಕ್ಕು ತಿರುಗಿ ಒಲಿಂಡಾಳ ಕಡೆ ನೋಡಿದಳು. "ಬಾಯಮ್ಮ, ನೀವು ಓದಿದವರು. ಬರೆಯುವವರು ನೀವೇ. ನೀವಾದರೂ ಒಂದು ಮಾತು ಹೇಳಿ."

"ಹೌದು" ಎಂದರು ಬೆಂಜಮಿನ್, ನೆನಪಾದವರಂತೆ. "ನೀನು ಎಂತದೋ ಹೇಳಬೇಕು ಅಂದಿದ್ದೆಯಲ್ಲ, ಒಲಿಂಡಾ? ಈಗ ಹೇಳು. ಇದರ ವಿಷಯವಾ?"

ಎಸ್ತೇರಳ ಕತೆಯ ಹಾಗೆ ರಾಜನೇ ಕೇಳುತ್ತಿದ್ದ. ರಾಜದಂಡವನ್ನು ಮುಂದೆ ಚಾಚಿ, ಹೇಳು ಎನ್ನುತ್ತಿದ್ದ. ರುಕ್ಕುವಿನ ಹಿಂದೆ, ಉಳಿದವರ ಸಾಲಿನಲ್ಲಿ, ಅಪ್ಪಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೃತಜ್ಞತೆಗೆ ಅಳುತ್ತಿದ್ದಾಳೆಂದು ಬೆಂಜಮಿನ್ ಎಣಿಸಿರಬೇಕು. ಸೆರಗಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣು ಅಳುತ್ತಿರಲಿಲ್ಲ. ಅವು ಒಲಿಂಡಾಳನ್ನು ನೋಡುತ್ತಿದ್ದವು, ಅಷ್ಟೆ.

ಅವಳು ಮಾತನ್ನು ತೂಗಿದಳು. ಈ ಸಲ ಯಾರೂ ಅವಸರಪಡಿಸಲಿಲ್ಲ. ಅರವತ್ತೆರಡು ಮಂದಿ ಕಾದರು.

"ಅದು ಬೇರೆ ವಿಷಯ, ಸರ್" ಎಂದಳು. "ಪಟ್ಟಿ ಸರಿ ಉಂಟು. ಕಂಡದ್ದನ್ನೇ ಬರೆದಿದ್ದೇನೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ರುಕ್ಕು ಅಕ್ಕಿಯ ಗಂಟು ಎತ್ತಿಕೊಂಡು ನಡೆದಳು. ಅಪ್ಪಿಯ ಎದುರು ಒಮ್ಮೆ ನಿಂತಳು. "ಬಾಯಿ ನೋಡಿಕೊ. ತೆಂಗಿನೆಣ್ಣೆ ಬಿಡಬೇಡ" ಎಂದಳು. ಹಿಂದೆ ತಿರುಗಿ ನೋಡದೆ ಗೇಟು ದಾಟಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ಒಲಿಂಡಾ ಉಡುಪಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದಳು. ದಾರಿಯುದ್ದಕ್ಕೂ ತನ್ನ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು. ಟೈಪಿನ ರಿಬ್ಬನ್ನಿನ ಸ್ವಲ್ಪ ಮಸಿ ಬಿಟ್ಟರೆ ಅವು ಚೊಕ್ಕಟವಾಗಿದ್ದವು. ತೋಡಿಗೆ ಇಳಿದಿದ್ದರೆ ತಾನು ಬೊಗಸೆಯಲ್ಲೇ ಕುಡಿಯುತ್ತಿದ್ದೆ ಎಂದು ಅವಳಿಗೆ ಹೊಳೆಯಿತು.

ಸಂಜೆ ಇಗರ್ಜಿಯಲ್ಲಿ ಪಾಪನಿವೇದನೆಯ ಸಾಲಿತ್ತು. ಕ್ರಿಸ್ಮಸ್ ಹತ್ತಿರವಾದ್ದರಿಂದ ಸಾಲು ಉದ್ದವಾಗಿತ್ತು. ತಾಯಿ ಜಪಮಣಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಳು. ಇಲ್ಲಿಯಾದರೂ ಹೇಳಬಹುದು ಎಂದುಕೊಂಡೇ ಒಲಿಂಡಾ ಬಂದಿದ್ದಳು. ಪಾದ್ರಿಗಳಿಗೆ ಹೇಳಿದ್ದು ಪಾದ್ರಿಗಳಲ್ಲೇ ಉಳಿಯುತ್ತದೆ. ಅಪ್ಪಿ ಕೇಳಿಕೊಂಡದ್ದನ್ನೂ ಮೀರಿದಂತಾಗುವುದಿಲ್ಲ. ಆದರೆ ಸಾಲು ಒಂದೊಂದು ಹೆಜ್ಜೆ ಮುಂದೆ ಸರಿದಂತೆ ಅವಳಿಗೆ ಮುಂದಿನ ಪ್ರಶ್ನೆ ಕೇಳಿಸತೊಡಗಿತು. ತಪ್ಪನ್ನು ಸರಿಪಡಿಸುತ್ತೀಯಾ, ಮಗಳೇ? ಅವರು ಖಂಡಿತ ಕೇಳುತ್ತಾರೆ. ಸರಿಪಡಿಸದೆ ಕ್ಷಮೆ ಇಲ್ಲ. ಸರಿಪಡಿಸಿದರೆ ಅಪ್ಪಿ ಇಲ್ಲ.

ಅವಳ ಸರದಿ ಬಂತು. ಮರದ ಹಲಗೆಯ ಮೇಲೆ ಮೊಣಕಾಲೂರಿದಳು. ಜಾಲರಿಯ ಆಚೆ ಪಾದ್ರಿಗಳ ಉಸಿರಾಟ ಕೇಳಿಸುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಮನಸ್ಸು ಅಲೆದದ್ದು ಹೇಳಿದಳು. ತಾಯಿಯ ಮಾತಿಗೆ ಮನಸ್ಸಿನಲ್ಲೇ ರೇಗಿದ್ದು ಹೇಳಿದಳು. ಮಾಂಸ ಬಿಡಬೇಕಾದ ಶುಕ್ರವಾರ ಮರೆತು ಮೀನು ತಿಂದೆನೋ, ಮಾಂಸ ತಿಂದೆನೋ ಎಂದು ತಡವರಿಸಿದಳು.

"ಮೀನು ತಿನ್ನಬಹುದು" ಎಂದರು ಪಾದ್ರಿಗಳು, ಸ್ವಲ್ಪ ನಗುತ್ತ. "ಇನ್ನೇನಾದರೂ ಉಂಟಾ?"

ಅವಳು ತನ್ನ ಎರಡು ಕೈಗಳನ್ನು ಜೋಡಿಸಿ ಬಾಯಿಯ ಹತ್ತಿರ ತಂದಿದ್ದಳು. ನೋಡುವವರಿಗೆ ಅದು ಪ್ರಾರ್ಥನೆ. ಗೇಟು ದಾಟಿದ ರುಕ್ಕುವಿನ ಬೆನ್ನು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಕಾಪುವಿನ ದಾರಿಯಲ್ಲಿ ಪುಸ್ತಕ ಅವಚಿಕೊಂಡು ನಡೆಯುವ ಒಬ್ಬ ಹುಡುಗಿ. ಸೋಮವಾರ ಬೆಳಿಗ್ಗೆ ಬೆಂಜಮಿನ್ ಪ್ರಾರ್ಥನೆಗೆ ಕೊಂಡಿ ಬಿಚ್ಚುತ್ತಾರೆ, ತಾನು ಎದುರಿಗೆ ಕುಳಿತಿರಬೇಕು. ಅದರ ಮರುದಿನವೂ ಕುಳಿತಿರಬೇಕು.

ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ತಾಯಿಗೆ ಇಲ್ಲ, ಬೆಂಜಮಿನ್‌ಗೆ ಇಲ್ಲ, ಇಲ್ಲಿಯೂ ಇಲ್ಲ.

"ಇಲ್ಲ, ಫಾದರ್" ಎಂದಳು. "ಅಷ್ಟೇ."

ಆಚೆ ಕಡೆ ಜಾಲರಿಯ ಪುಟ್ಟ ಬಾಗಿಲು ಕಟ್ ಎಂದು ಮುಚ್ಚಿಕೊಂಡಿತು.